ನಿಂತ ಗಾಲಿ

ಕಿರುಗುಡುತ್ತಿರುವುದು ತೂಗುಪಂಖದ ಹಗ್ಗವೋ ನನ್ನ ಕಿವಿಯೋ, ಹುನಗುಂದದ ಈ ಮಾಮ್ಲೇದಾರ ಕಚೇರಿಯ ಪಡಸಾಲೆಯಲ್ಲಿ ಕುಳಿತಾಗಿನಿಂದ ಒಂದೇ ಸಪ್ಪಳ, ನಮ್ಮೂರ ಬಾವಿಯ ಗಾಲಿಯದೇ ಸಪ್ಪಳ, ಎತ್ತು ಮುಂದೆ ನಡೆದರೆ ಒಂದು ದನಿ, ಹಿಂದೆ ಸರಿದರೆ ಇನ್ನೊಂದು — ಹೇಳಲೋ ಬೇಡವೋ, ಹೇಳಿದರೆ ಇವರೆಲ್ಲ ನನ್ನನ್ನು ಏನೆಂದುಕೊಂಡಾರು — ಪಕ್ಕದಲ್ಲಿ ಸಿದ್ದವ್ವ ಆ ಬಾವಿಯ ನೀರನ್ನೇ ತಂಬಿಗೆಯಲ್ಲಿ ತಂದಿದ್ದಾಳೆ, ಸೆರಗು ಮುಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದಾಳೆ, ಮಾಮ್ಲೇದಾರ ಸಾಹೇಬ ಕುಡದ ನೋಡ್ಲಿರಿ ಮಾಸ್ತರ, ಬಿಟ್ಟ ಬಾವಿ ನೀರು ಹಿಂಗ ಸಿಹಿ ಇರ್ತಾವೇನು ಅನ್ನುತ್ತಾಳೆ, ಅದಕ್ಕೆ ಹುಲ್ಲಪ್ಪ ಗೋಡೆಗೆ ಒರಗಿದವನು ನಗುತ್ತಾನೆ, ಯವ್ವಾ, ಗುಡೂರು ದಾಟೂದ್ರಾಗ ಅರ್ಧಾ ನೀನ ಕುಡದಿ, ಸಾಹೇಬಗ ಉಳದದ್ದು ಒಂದು ಗುಟುಕು. ನಿನ್ನ ಎತ್ತಿಗೆ ಇರೂ ಬುದ್ಧಿ ನಿನಗಿಲ್ಲ ಬಿಡು, ಎನ್ನುತ್ತಾಳೆ ಸಿದ್ದವ್ವ.

ಅವನ ಎತ್ತುಗಳು ಸೋಮವಾರ ನೊಗಕ್ಕೆ ಹೆಗಲು ಕೊಡುವುದಿಲ್ಲ. ಸೋಮವಾರ ಎತ್ತಿನ ದಿನ, ನಮ್ಮೂರಲ್ಲಿ ಯಾರೂ ಹೂಡುವುದಿಲ್ಲ, ಅರವತ್ತು ಮೊಳದ ಬಾವಿ, ಕೈಯಿಂದ ಸೇದಲಾಗದು, ಹುಲ್ಲಪ್ಪನ ಜೋಡಿ ತೊಗಲಿನ ಕಪಲಿ ಎಳೆದು ಕಲ್ಲಿನ ದೋಣಿ ತುಂಬಿದರೇ ಹೆಂಗಸರ ಕೊಡಕ್ಕೆ ನೀರು, ಅದಕ್ಕೆ ಐತವಾರ ಸಂಜೆಯೇ ಎಲ್ಲರೂ ಮರುದಿನದ್ದನ್ನೂ ತುಂಬಿಟ್ಟುಕೊಳ್ಳುತ್ತಾರೆ, ಸೋಮವಾರ ಅತ್ತ ಒಂದು ಹೆಜ್ಜೆಯೂ ಸುಳಿಯದು, ಹಗ್ಗ, ಕಪಲಿ ಹುಲ್ಲಪ್ಪನ ಮನೆಯಲ್ಲಿ, ದೋಣಿ ಒಣ ಒಣ, ಗಾಲಿ ನಿಂತಿರುತ್ತದೆ, ಅದರ ಮೇಲೊಂದು ಓತಿಕ್ಯಾತ ಕತ್ತೆತ್ತಿ ಬಿಸಿಲು ಕಾಯುತ್ತಿತ್ತು — ಆವತ್ತು, ಸರ್ವೆ ಸಾಹೇಬರ ಜೀಪು ಬಂದ ಸೋಮವಾರ. ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂದು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡರು, ಧಾರವಾಡದ ಕಾಲೇಜಿನ ಮಾತು ತೆಗೆದರು, ತಮ್ಮ ಫ್ಲಾಸ್ಕಿನ ಚಹ ಕೊಟ್ಟರು, ಎಷ್ಟು ದಿನವಾಗಿತ್ತು ನನ್ನೊಡನೆ ಯಾರಾದರೂ ಸರಿಸಮ ಮಾತಾಡಿ, ಆಮೇಲೆ ಬಾವಿಯ ದಂಡೆಯಲ್ಲಿ ನಿಂತು, ಇದು ಬಿಟ್ಟ ಬಾವಿ, ಯಾರೂ ಬಳಸದ್ದು, ಅಲ್ಲವೇ ಎಂದರು, ಕೇಳಿದಂತೆಯೂ ಇತ್ತು, ತಾವೇ ಹೇಳಿಕೊಂಡಂತೆಯೂ ಇತ್ತು, ನಾನು ಗಾಲಿಯ ಕಡೆ ನೋಡಿದೆ, ಓತಿಕ್ಯಾತನ ಕಡೆ ನೋಡಿದೆ, ಚಹದ ರುಚಿ ಇನ್ನೂ ಬಾಯಲ್ಲಿತ್ತು. ಅವರು ಬರೆದರು. ಸ್ಥಳದ ಸಾಕ್ಷಿಯಾಗಿ, ಪಂಚ ಎಂದು, ನಾನು ಕೆಳಗೆ ಸಹಿ ಮಾಡಿದೆ. ಓದದೆ ಮಾಡಲಿಲ್ಲ, ಓದಿಯೇ ಮಾಡಿದೆ. ಯಾರಿಗೂ ಬೇಡವಾದ ಬಾವಿಯನ್ನು ಸರಕಾರ ಯಾರಿಗೆ ಕೊಟ್ಟೀತು ಎಂದು ಆಗ ಹೊಳೆಯಲಿಲ್ಲ — ಇಳಕಲ್ಲಿನ ನೂಲಿಗೆಲ್ಲ ಬಣ್ಣ ಹಾಕುವ ಕಾರ್ಖಾನೆಯಂತೆ, ಮುಂಬೈಯ ಸೇಠನದಂತೆ, ಬಾವಿಗೆ ಎಂಜಿನ್ ಇಳಿಸಿ ಹಗಲೂ ರಾತ್ರಿ ನೀರೆತ್ತುತ್ತಾರಂತೆ, ಬಣ್ಣ ತೊಳೆದ ನೀರು ಹಳ್ಳಕ್ಕಂತೆ, ಎಂಜಿನ್ನಿಗೆ ಸೋಮವಾರ ಎಲ್ಲಿಯದು.

ಜನ ಸುಮ್ಮನಿರುತ್ತಾರೆ ಎಂದುಕೊಂಡಿದ್ದನೇನೋ ಸೇಠ. ಕಲ್ಲು ಹೇರಿದ ಬಂಡಿಗಳು ಬಂದ ದಿನ ಸಿದ್ದವ್ವ ಮೊದಲ ಕೊಡ ತಂದು ದಾರಿಗೆ ಅಡ್ಡ ಇಟ್ಟಳು, ಖಾಲಿ ಕೊಡ, ಅದರ ಪಕ್ಕಕ್ಕೆ ಶಿವಲಿಂಗವ್ವನದು, ಮಾಬುಬಿಯದು, ಹೊತ್ತೇರುವುದರೊಳಗೆ ನಲವತ್ತು ಕೊಡ, ದಾಟಿ ಹೊಡಿ ನೋಡೂಣು ಎಂದು ತಾನು ಬದಿಗೆ ಕುಳಿತಳು, ಎದುರಿಗೆ ಬಂದ ಖಾಲಿ ಕೊಡ ದಾಟಿ ಬಂಡಿ ಹೊಡೆಯಲು ಒಬ್ಬ ಗಾಡಿಯವನೂ ಒಪ್ಪಲಿಲ್ಲ, ಎತ್ತು ಬಿಚ್ಚಿದರು, ಬಂಡಿ ಹಿಂದಕ್ಕೆ ತಿರುಗಿಸಿದರು, ಮರುದಿನವೂ ಅಷ್ಟೇ, ಹನ್ನೊಂದು ದಿನ. ಅರ್ಜಿ ಬರೆದವನು ನಾನು. ಸರ್ವೆ ಸಾಹೇಬರಿಗೆ ಯಾರೋ ತಪ್ಪು ತಿಳಿಸಿದ್ದಾರೆ ಎಂದು ಬರೆದೆ, ಯಾರೋ ಎಂದು, ಅದರ ಕೆಳಗೆ ನಲವತ್ತು ಹೆಬ್ಬೆಟ್ಟು, ಸಿದ್ದವ್ವ ಬೆರಳಿನ ಮಸಿ ಒರೆಸಿಕೊಳ್ಳುತ್ತ, ಯಾವ ಮೂಳ ಅದಕ್ಕ ಸೈ ಹಾಕ್ಯಾನೋ, ಅವನ ಬಾಯಾಗ ಮಣ್ಣು ಬೀಳ್ಲಿ. ನಾನು ಮಸಿಯ ಡಬ್ಬಿ ಮುಚ್ಚಿದೆ. ಮೌನ ನನಗೆ ಹೊಸದಲ್ಲ, ಅದನ್ನು ವಿವೇಕ ಎಂದು ತಿಳಿದವರಿದ್ದಾರೆ, ನಾನೂ ತಿಳಿದಿದ್ದೆ — ಪ್ರಾಣೇಶ ಮಾಸ್ತರು ಯಾರ್ರಿ, ಒಳಗ ಬರ್ರಿ, ಕರೆದದ್ದು ಪಟ್ಟೇವಾಲಾ, ಸರ್ವೆಯ ಆ ಕಾಗದ ಒಳಗೆ ಮೇಜಿನ ಮೇಲಿದೆ, ಸಹಿಯ ಮಸಿ ಇನ್ನೂ ಕಪ್ಪಗಿದ್ದೀತು, ಏಳಬೇಕು, ಎದ್ದೆ, ಆದರೆ ಒಳಗಿನವರಿಗಿಂತ ಮೊದಲು ಇವಳಿಗೆ, ಸಿದ್ದವ್ವಾ, ಆ ಸೈ ನಂದು.

ಹುಲ್ಲಪ್ಪನ ನಗು ನಿಂತಿತು. ಸಿದ್ದವ್ವ ಬಯ್ಯಲಿಲ್ಲ, ಸೆರಗು ಸರಿಸಿ ತಂಬಿಗೆಯನ್ನು ನನ್ನ ಕೈಗಿಟ್ಟಳು, ಹಂಗಾದ್ರ ನೀನ ಹೇಳ, ಹೋಗ. ತಣ್ಣಗಿದೆ, ಇಷ್ಟು ದೂರ ನಡೆದು ಬಂದರೂ ತಣ್ಣಗಿದೆ, ಹೊಸ್ತಿಲು ದಾಟುತ್ತೇನೆ, ತುಳುಕದ ಹಾಗೆ ಮೇಜಿನ ಮೇಲೆ, ಆ ಕಾಗದದ ಪಕ್ಕಕ್ಕೇ ಇಡುತ್ತೇನೆ, ಸಹಿ ನಿಮ್ದ ಏನ್ರಿ, ಮಾಮ್ಲೇದಾರರು ಕೇಳುತ್ತಾರೆ, ಹೌದ್ರಿ ನಂದ, ಹಂಗಾದ್ರ ಆವತ್ತು ಸರ್ವೆಯವರಿಗೆ ನೀವು ಏನ್ ಹೇಳಿದ್ರಿ — ಪಂಖ ನಿಂತಿದೆ, ಸಪ್ಪಳವಿಲ್ಲ, ಒಣಗಿದ ದೋಣಿ, ನಿಂತ ಗಾಲಿ, ಗಾಲಿಯ ಮೇಲೆ ಓತಿಕ್ಯಾತ, ಕತ್ತೆತ್ತಿ, ನಿಂತ ಗಾಲಿ. ಸಾಹೇಬ್ರ, ಆವತ್ತು ನಾ ಹೇಳಲಿಲ್ರಿ, ಇವತ್ತು ಸೋಮವಾರ, ನಾಳೆ ಈ ಬಾವಿ ನಡೀತದ ಅಂತ.