ಜೌಗಿನ ಖುದ್ದು ತಪಾಸಣೆ

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಾಗ ಜಮಖಂಡಿಯ ಅಂಚಿನಲ್ಲಿದ್ದ ರಾಜರ ದೊಡ್ಡ ತೋಟ ಊರಿನ ಪಾಲಿಗೆ ಬಂತು. ಅದನ್ನು ನೋಡಿಕೊಳ್ಳಲು ಒಂದು ಕಮಿಟಿಯೂ ಹುಟ್ಟಿತು. ಅಧ್ಯಕ್ಷರು ಅರಳೆ ವ್ಯಾಪಾರಿ ರಾವಸಾಹೇಬರು. ಅವರು ಹೇಳಿದ್ದನ್ನೆಲ್ಲ ಬರೆಯುವ ಗುಮಾಸ್ತ ನಾನು.

ತೋಟದ ತಗ್ಗಿನ ತುದಿಯಲ್ಲಿ ಕೆರೆಯ ಬಸಿನೀರು ನಿಂತು ನಾಲ್ಕೆಕರೆ ಜೌಗಾಗಿತ್ತು. ಆಪು, ಜೇಕು ಹುಲ್ಲುಗಳು ಆಳೆತ್ತರ ಬೆಳೆದಿದ್ದವು. ಬೇಸಿಗೆಯಲ್ಲಿ ಸುತ್ತಲಿನ ಹಳ್ಳಗಳು ಬತ್ತಿದರೂ ಇಲ್ಲಿ ನೀರಿರುತ್ತಿತ್ತು. ಕುರುಬರ ಅಮಸಿದ್ದಪ್ಪನ ಎಂಬತ್ತು ಕುರಿ ಬದುಕಿದ್ದೇ ಆ ನೀರಿನ ಮೇಲೆ. ರಾವಸಾಹೇಬರಿಗೋ, ಅದಕ್ಕೆ ಮಣ್ಣು ತುಂಬಿಸಿ ತಮ್ಮ ತೀರ್ಥರೂಪರ ಹೆಸರಿನಲ್ಲಿ ಕಾರಂಜಿ ಕಟ್ಟಿಸುವ ಆಸೆ. ಇದ್ದ ನೀರನ್ನು ಮುಚ್ಚಿ ನಳದ ನೀರು ಚಿಮ್ಮಿಸುವ ಈ ಬುದ್ಧಿವಂತಿಕೆಗೆ ಕಮಿಟಿ ಚಪ್ಪಾಳೆ ತಟ್ಟಿತು. ‘ಜೌಗನ್ನು ಖುದ್ದಾಗಿ ಅಡ್ಡಾಡಿ ನೋಡಿದ್ದೇನೆ. ಸೊಳ್ಳೆ ಬಿಟ್ಟರೆ ಅಲ್ಲಿ ಬೇರೆ ಜೀವವಿಲ್ಲ. ಕುರಿಗಳನ್ನು ಹೊರಹಾಕಿ ತಗ್ಗು ಮುಚ್ಚತಕ್ಕದ್ದು’ ಎಂದು ಸರಕಾರಕ್ಕೆ ವರದಿ ಹೋಯಿತು. ಬರೆದ ಪಾಪ ನನ್ನದೇ. ಬರೆಸುವಾಗ ರಾವಸಾಹೇಬರು ಅಂಗಡಿಯ ಗಾದಿಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು.

ತಪಾಸಣೆಗೆ ವಿಜಾಪುರದಿಂದ ಬಂದ ಸರಕಾರಿ ಸಾಹೇಬರ ಕೊರಳಲ್ಲಿ ದುರ್ಬೀನು ನೇತಾಡುತ್ತಿತ್ತು. ಮನುಷ್ಯನಿಗೆ ಹಕ್ಕಿಯ ಹುಚ್ಚು. ಹಾರ ಹಾಕಿಸಿಕೊಂಡವರೇ, “ನೀವು ಅಡ್ಡಾಡಿದ ಹಾದ್ಯಾಗ ಕರಕೊಂಡ ನಡೀರಿ,” ಎಂದರು. ರಾವಸಾಹೇಬರ ಮುಖದ ಕಳೆಯೇ ಇಳಿಯಿತು.

ಜೌಗಿನ ಬಾಯಲ್ಲಿ ಅಮಸಿದ್ದಪ್ಪ ಕುರಿಗಳಿಗೆ ನೀರು ಕುಡಿಸುತ್ತಿದ್ದ. ನಮ್ಮನ್ನು ನೋಡಿ, “ಸಾವ್ಕಾರ್ರ, ಕುರಿ ಹಿಕ್ಕಿ ಬಿದ್ದಲ್ಲೇ ಕಾಲಿಡ್ರಿ. ಕುರಿ ತುಳದದ್ದು ಗಟ್ಟಿ ನೆಲಾ,” ಎಂದ.

“ಹಿಕ್ಕಿ ತುಳಿಯಾಕ ನಾ ಏನ್ ಕುರಿ ಏನಲೇ?” ಎಂದು ರಾವಸಾಹೇಬರು ಗದರಿದರು.

ಅವರ ಕಾಲಲ್ಲಿ ಹೊಸ ಪಂಪ್‌ಶೂ. ಪಕ್ಕದಲ್ಲಿ ಹಸಿರು ಹುಲ್ಲು ಸ್ವಚ್ಛವಾಗಿ ಹಾಸಿತ್ತು. ಅದರ ಮೇಲೆ ಎರಡು ಹೆಜ್ಜೆ ಗತ್ತಿನಿಂದ ಇಟ್ಟರು. ಮೂರನೆಯದಕ್ಕೆ ತೊಡೆಯ ತನಕ ಇಳಿದರು. ಅವರು ಹಾಕಿದ ಬೊಬ್ಬೆಗೆ ಆಪಿನೊಳಗಿಂದ ನೀರುಕೋಳಿ, ಬೆಳ್ಳಕ್ಕಿ, ಮಿಂಚುಳ್ಳಿ, ನನಗೆ ಹೆಸರೂ ಗೊತ್ತಿಲ್ಲದ ಇನ್ನೆಷ್ಟೋ ಹಕ್ಕಿಗಳು ಎದ್ದವು. ಸಾಹೇಬರು ಮುಳುಗುವವರನ್ನು ಬಿಟ್ಟು ದುರ್ಬೀನು ಕಣ್ಣಿಗೆ ಹಚ್ಚಿದರು. ನನಗೆ ನಗು ತಡೆಯಲಾಗದೆ ಕೊಡೆಯ ಮರೆಗೆ ಸರಿದೆ.

ಅಮಸಿದ್ದಪ್ಪನೇ ಬಡಿಗೆ ಚಾಚಿ ಅವರನ್ನು ಎಳೆದು ಕುರಿಹಾದಿಗೆ ತಂದ. ಶೂ ಒಳಗೇ ಉಳಿಯಿತು. ಅವರು ಗಡಗಡ ನಡುಗುವುದನ್ನು ಕಂಡು ಹೆಗಲ ಮೇಲಿನ ಕಂಬಳಿ ಹಾಸಿ ಕೂರಿಸಿದ. ತನ್ನ ನೀರಿಗೇ ಸಂಚಕಾರ ತಂದವನಿಗೆ ಅಷ್ಟು ಮರ್ಯಾದೆ ಯಾಕೆ ಎಂದು ನನಗೆ ಸಿಟ್ಟೇ ಬಂತು.

ಸಾಹೇಬರು ಚೀಲದಿಂದ ವರದಿ ತೆಗೆದರು. “ರಾವಸಾಹೇಬರ, ಇಷ್ಟ ಹೇಳ್ರಿ. ನೀವು ಇದನ್ನ ಖುದ್ದ ನೋಡಿದ್ದು ಖರೆ ಏನು? ಖರೆ ಅಂದ್ರ ಈಗ ಸಹಿ ಮಾಡ್ತೀನಿ.”

ಅಮಸಿದ್ದಪ್ಪನ ಮುಖ ಸಣ್ಣದಾಯಿತು. ಎಂಬತ್ತು ಕುರಿಗಳ ಬೇಸಿಗೆ ಒಂದು ಸಹಿಯ ಮೇಲೆ ನಿಂತಿತ್ತು.

ನಮ್ಮ ಕಡೆ ಕುರುಬರು ಹಾಸಿದ ಕಂಬಳಿಯೆಂದರೆ ಅವರ ದೇವರು ಬೀರಪ್ಪನ ಗದ್ದಿಗೆ. ಅದರ ಮೇಲೆ ಕುಳಿತು ಸುಳ್ಳಾಡುವ ಎದೆ ಯಾರಿಗೂ ಇಲ್ಲ. ಬಸದಿಗೆ ನಡೆದುಕೊಳ್ಳುವ ರಾವಸಾಹೇಬರಿಗೂ ಇರಲಿಲ್ಲ. ಅವರು ಕಂಬಳಿಯನ್ನು ನೋಡಿದರು, ಆಚೀಚಿನ ಕೆಸರನ್ನು ನೋಡಿದರು. ಆಮೇಲೆ ಮೆಲ್ಲಗೆ ಎದ್ದು, ಧೋತರ ಎತ್ತಿ ಹಿಡಿದು, ಬರಿಗಾಲಲ್ಲಿ ಕೆಸರಿಗೆ ಇಳಿದರು. ಅಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

“ಖರೆ ಐತ್ರಿ. ಖುದ್ದ ನೋಡೇನಿ.”

ಸಾಹೇಬರಿಗೆ ತಿಳಿಯಲಿಲ್ಲ. “ಒಣಾ ಜಾಗಾ ಬಿಟ್ಟು ಇವರು ಯಾಕ ಇಳದ್ರು?” ಎಂದು ಅಮಸಿದ್ದಪ್ಪನನ್ನು ಕೇಳಿದರು.

“ಕಂಬಳಿ ಮ್ಯಾಲ ಕುಂತು ಸುಳ್ಳ ಹೇಳಿದ್ರ ಬೀರಪ್ಪ ಬಿಡೂದಿಲ್ರಿ,” ಎಂದ ಅಮಸಿದ್ದಪ್ಪ. “ಸಾವ್ಕಾರ್ರು ದೇವರಿಗೆ ಅಂಜೂ ಮಂದಿ. ಅದಕ್ಕ ಇಳದು ಹೇಳಿದ್ರು.”

ಸಾಹೇಬರು ವರದಿಯ ಮೇಲೆ ಅಡ್ಡಗೆರೆ ಎಳೆದು ಅದನ್ನು ನನ್ನ ಕೈಗಿಟ್ಟರು. ರಾವಸಾಹೇಬರು ಕೆಸರಲ್ಲಿ ನಿಂತೇ ಇದ್ದರು. ಕಂಬಳಿ ಇನ್ನೂ ಹಾಸಿಯೇ ಇತ್ತು, ಆದರೆ ಮತ್ತೆ ಅದರ ಮೇಲೆ ಕಾಲಿಡುವ ಧೈರ್ಯ ಅವರಿಗಾಗಲಿಲ್ಲ.