ಲಿಂಗಮ್ಮ ಕೂರುವ ಕಾರ್ಪೆಟ್ಟು

ಬಸವೇಶ್ವರನಗರದ ಆ ಮನೆಯಲ್ಲಿ ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಟೀವಿಗೆ ರಜೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಾಣಿಯವರು ಮಣೆ ಹಾಕಿಕೊಂಡು ಕೂತು, ರಾಗವಾಗಿ ಕಾವ್ಯ ಓದಿ ಅರ್ಥ ಹೇಳುವರು. ಬೀದಿಯ ನಾಲ್ಕಾರು ಜನ ಜಮಖಾನದ ಮೇಲೆ ಕೂತು ಕೇಳುವರು.

ಅವರಲ್ಲಿ ಲಿಂಗಮ್ಮನ ತೂಕವೇ ಬೇರೆ. ಲೇಔಟ್ ಆಗುವ ಮುಂಚೆ ಇದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದವರು. ಓದು ಬರಹ ಬಾರದು. ಆದರೆ ಪದ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೋ ಅಲ್ಲಿಗೇ ಸರಿಯಾಗಿ ‘ಹೂಂ’ ಎನ್ನುವರು. ಆ ಹೂಂ ಬಿತ್ತೆಂದರೆ ನಾಣಿಯವರ ದನಿಗೆ ಕಸುವು ಬರುತ್ತಿತ್ತು. ಒಳಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಅಂಬುಜಮ್ಮನಿಗೆ ಅದು ಗೊತ್ತಾಗುತ್ತಿತ್ತು.

ಚಳಿ ಹಿಡಿದ ಮೇಲೆ ಲಿಂಗಮ್ಮ ಬರುವುದನ್ನು ಬಿಟ್ಟರು. ಮಂಡಿನೋವು. ಅಂಬುಜಮ್ಮ ಹೋಗಿ ಕೇಳಿದರು.

“ಕುರ್ಚಿ ಹಾಕ್ತೀನಿ, ಬನ್ನಿ ಲಿಂಗಮ್ಮ.”

“ಬುಡ್ತು ಅನ್ನಿ! ಅಯ್ನೋರು ಪುಸ್ತಕ ಇಟ್ಕೊಂಡು ಕೆಳಗೆ ಕೂತವ್ರೆ, ನಾನು ಮ್ಯಾಲೆ ಕೂತು ಕಾಲು ಅಲ್ಲಾಡುಸ್ಲಾ?”

“ಅವರನ್ನೇ ಕುರ್ಚಿ ಮೇಲೆ ಕೂರಿಸ್ತೀನಿ.”

“ಕುರ್ಚಿ ಮ್ಯಾಲೆ ಅಯ್ನೋರ ಬಾಯಲ್ಲಿ ಪದ ಬತ್ತದಾ? ಹಾಜರಿ ಕೂಗ್ತಾರಷ್ಟೇಯ.”

ಅಂಬುಜಮ್ಮ ನಕ್ಕು ಬಂದರು. ಆದರೆ ಆ ಶನಿವಾರ ನಾಣಿಯವರು ಪದ್ಯದ ನಡುವೆ ನಿಲ್ಲಿಸಿ, ಯಾರೂ ಇಲ್ಲದ ಮೂಲೆಯತ್ತ ನೋಡಿದರು. ಮುಂದಿನ ಪದ್ಯವನ್ನು ರಾಗವಿಲ್ಲದೆ ಬರಿದೇ ಓದಿ ಮುಗಿಸಿದರು. ಅಂಬುಜಮ್ಮನಿಗೆ ಅನ್ನ ಸೇರಲಿಲ್ಲ. ಈ ಮನುಷ್ಯ ಓದು ನಿಲ್ಲಿಸಿಬಿಟ್ಟರೆ?

ನೆಲಕ್ಕೇ ಮೆತ್ತಗಿನದು ಏನಾದರೂ ಹಾಸಬೇಕು ಎಂದು ಸೊಸೆ ಅನಘಾಳನ್ನು ಕರೆದುಕೊಂಡು ವಿಜಯನಗರದ ಕಾರ್ಪೆಟ್ ಅಂಗಡಿಗೆ ಹೋದರು. ಅಂಗಡಿಯ ಮಧುಕುಮಾರ್ ಸುರುಳಿಗಳನ್ನು ಬಿಚ್ಚತೊಡಗಿದ.

“ಇದು ನೈಲಾನ್ ಆಂಟಿ. ಕಾಫಿ ಚೆಲ್ಲಿದ್ರೂ ಕಲೆ ಹಿಡಿಯಲ್ಲ.”

“ಕಲೆ ಬೇರೆ, ಮೈಲಿಗೆ ಬೇರೆ ಕಣಪ್ಪ. ನಮ್ಮಲ್ಲಿ ಹಬ್ಬಹುಣ್ಣಿಮೆಗೆ ಮಡಿಯಲ್ಲಿ ಓಡಾಡ್ತೀವಿ. ಉಣ್ಣೆ ಇದ್ರೆ ತೋರಿಸು, ಅದಕ್ಕೆ ಮೈಲಿಗೆ ಇಲ್ಲ.”

“ಅಮ್ಮ, ಕರ್ಟನ್‌ಗೆ ಈ ಬಿಸ್ಕತ್ ಬಣ್ಣ ಮ್ಯಾಚ್ ಆಗತ್ತೆ,” ಎಂದಳು ಅನಘಾ.

ಅಂಬುಜಮ್ಮ ಬಣ್ಣ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಒಂದೊಂದರ ಮೇಲೂ ಮಂಡಿಯೂರಿ ನೋಡಿದರು. ಬೆರಳು ಮುಳುಗುವಷ್ಟು ಉದ್ದ ಎಳೆಯ, ದಪ್ಪನೆಯ ಉಣ್ಣೆಯದು ಮನಸ್ಸಿಗೆ ಬಂತು. “ಕುರಿಮರಿ ಮೇಲೆ ಕೂತ ಹಾಗಿದೆ” ಎಂದು, ಹಾಲ್‌ನ ಗೋಡೆಯಿಂದ ಗೋಡೆಗೆ ಆಗುವಷ್ಟು ದೊಡ್ಡದನ್ನೇ ಆರಿಸಿದರು. ಬಣ್ಣ ಅನಘಾಳದು.

ಶನಿವಾರ ಲಿಂಗಮ್ಮ ಬಂದರು. ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ ಕೂತು, “ಅಂಬುಜಮ್ಮ, ನನ್ ಮದ್ವೇಲೂ ಇಂಥ ಹಾಸಿಗೆ ಹಾಸಿರ್ನಿಲ್ಲ” ಎಂದು ಎಲ್ಲರನ್ನೂ ನಗಿಸಿದರು.

ನಾಣಿಯವರು ದನಿ ಎತ್ತಿದರು. ಪದ್ಯ ಬಾಯಿಯಿಂದ ಹೊರಟಿತು, ಎದುರಿಗಿದ್ದವರನ್ನು ಮುಟ್ಟುವಷ್ಟರಲ್ಲಿ ಬಡವಾಯಿತು. ಮೊದಲು ನೆಲಕ್ಕೂ ಗೋಡೆಗೂ ತಾಕಿ ತುಂಬಿಕೊಳ್ಳುತ್ತಿದ್ದ ಸ್ವರ ಈಗ ಹಾಸಿಗೆಯೊಳಗೆ ಮುಖ ಹುದುಗಿಸಿ ಹಾಡಿದಂತಿತ್ತು. ಲಿಂಗಮ್ಮ ಕಿವಿಯ ಹಿಂದೆ ಕೈಯಿಟ್ಟು ಬಾಗಿದರು. ಹೂಂ ಬರಲಿಲ್ಲ. ನಾಣಿಯವರು ಇನ್ನೂ ಎತ್ತರಿಸಿದರು, ಕೆಮ್ಮು ಬಂತು, ಪುಸ್ತಕ ಮುಚ್ಚಿದರು.

ಎಲ್ಲರೂ ಹೋದ ಮೇಲೆ ಅವರು ಮೆಲ್ಲಗೆ ಅಂದರು: “ಗಂಟಲು ಹೋಯ್ತು ಕಣೇ. ಇನ್ನು ಸಾಕೇನೋ.”

ಕಂಚಿನಂಥ ಗಂಟಲು ಒಂದು ವಾರದಲ್ಲಿ ಹೋಗುವುದೆಂದರೇನು? ಅಂಬುಜಮ್ಮ ಸೊಸೆಯನ್ನು ಕೂಗಿ, ಇಬ್ಬರೂ ಸೇರಿ ಕಾರ್ಪೆಟ್ಟನ್ನು ಬಾಗಿಲವರೆಗೆ ಸುತ್ತಿದರು.

“ಈಗ ಹೇಳ್ರಿ ಒಂದು ಸಾಲು.”

ಹೇಳಿದರು. ಸ್ವರ ಸೂರಿನವರೆಗೆ ಹೋಗಿ ತಿರುಗಿ ಬಂತು. ನಾಣಿಯವರು ತಮ್ಮ ಗಂಟಲನ್ನೇ ಮುಟ್ಟಿ ನೋಡಿಕೊಂಡರು.

“ನಿಮ್ಮ ಗಂಟಲಿಗೇನೂ ಆಗಿಲ್ಲ. ನಾನು ತಂದದ್ದೇ ನಿಮ್ಮ ದನಿ ಕುಡೀತಾ ಇತ್ತು,” ಎಂದರು ಅಂಬುಜಮ್ಮ. ಹೇಳುವಾಗ ಅವರ ಕಣ್ಣು ತುಂಬಿತ್ತು. ನಗುವೂ ಬರುತ್ತಿತ್ತು.

ಮಾರನೆಯ ದಿನ ಆಟೋದಲ್ಲಿ ಸುರುಳಿ, ಅದರ ಪಕ್ಕ ಲಿಂಗಮ್ಮ, ಅಂಬುಜಮ್ಮ, ಮುದುರಿಕೊಂಡು ನಾಣಿಯವರು. ಮಧುಕುಮಾರ್ ತಲೆ ಕೆರೆದುಕೊಂಡ.

“ಎಕ್ಸ್‌ಚೇಂಜ್ ಮಾಡಿಕೊಡ್ತೀನಿ ಆಂಟಿ. ಆದ್ರೆ ಏನು ತೊಂದ್ರೆ ಆಯ್ತು?”

“ಹೂಂ ಬರಲಿಲ್ಲ,” ಎಂದರು ಅಂಬುಜಮ್ಮ.

ಅವನಿಗೆ ಅರ್ಥವಾಗಲಿಲ್ಲ. ಆದರೂ ಕೇಳಿದ್ದನ್ನೆಲ್ಲ ಹಾಸಿದ. ಲಿಂಗಮ್ಮ ಕೂರುವುದು, ನಾಣಿಯವರು ಒಂದು ಸಾಲು ಹೇಳುವುದು. ಸೆಣಬಿನದಕ್ಕೆ “ಚುಚ್ತದೆ” ಅಂದರು ಲಿಂಗಮ್ಮ. ಇನ್ನೊಂದಕ್ಕೆ “ಜಾರ್ತದೆ, ಎದ್ದೇಳೋಕೆ ನಾಕ್ ಜನ ಬೇಕು.” ಸೋಫಾ ಬಟ್ಟೆ ನೋಡಲು ಬಂದವರು ಅಲ್ಲೇ ನಿಂತುಬಿಟ್ಟರು. ನಾಣಿಯವರಿಗೆ ನಾಚಿಕೆಯಾಯಿತು.

“ಅಂಬುಜಾ, ಅಂಗಡಿಯಲ್ಲಿ ಓದೋದೇನೇ?”

“ದೇವರು ಅಂಗಡಿಯಲ್ಲಿ ಇಲ್ವೇ? ಓದ್ರಿ.”

ಕೊನೆಗೆ ಒಂದು ಸಿಕ್ಕಿತು. ಉಣ್ಣೆಯದೇ, ಎಳೆ ಗಿಡ್ಡ, ನೇಯ್ಗೆ ಒತ್ತಾಗಿತ್ತು. ಇಬ್ಬರೋ ಮೂವರೋ ಕೂರುವಷ್ಟೇ ಅಗಲ. ಸುತ್ತ ನೆಲ ಬರಿದಾಗಿಯೇ ಉಳಿಯುತ್ತದೆ. ಮಂಡಿಗೆ ಮೆತ್ತಗಿರಲೆಂದು ಮಧುಕುಮಾರ್ ಅದರಡಿ ಒಂದು ಒತ್ತುಹಾಸು ಇಟ್ಟ. ಲಿಂಗಮ್ಮ ಕೈಯೂರಿ ಕೂತರು, ಮಂಡಿ ಒತ್ತಿ ನೋಡಿಕೊಂಡರು, ಕಾಲು ಚಾಚಿದರು.

ನಾಣಿಯವರು ಎದುರಿನ ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು. ಕಾಡಿನಲ್ಲಿ ದಾರಿ ತಪ್ಪಿದ ರಾಜನೊಬ್ಬ ಒಂದು ಗುಡಿಸಲು ಕಂಡು, ಬಾಗಿಲಲ್ಲಿ ನಿಂತು ನೀರು ಕೇಳುವ ಪದ್ಯ. ಕಡೆಯ ಸಾಲಿಗೆ ಮುಂಚೆ ಅವರು ಉಸಿರು ತೆಗೆದುಕೊಂಡರು. ಅಂಬುಜಮ್ಮನೂ ಉಸಿರು ಹಿಡಿದರು.

“ಹೂಂ,” ಎಂದರು ಲಿಂಗಮ್ಮ.

ನಾಣಿಯವರ ದನಿ ಎದ್ದಿತು. ಬೀದಿಯ ಹಾರ್ನುಗಳ ನಡುವೆಯೂ ಕೇಳಿತು.

“ಸರಿ ಆಂಟಿ, ಇದನ್ನೇ ಪ್ಯಾಕ್ ಮಾಡ್ಲಾ?” ಎಂದು ಮಧುಕುಮಾರ್ ಅಂಚು ಹಿಡಿದು ಮಡಚಲು ಬಂದ.

ಲಿಂಗಮ್ಮ ಅವನ ಕೈಯನ್ನು ಮೆಲ್ಲಗೆ ಸರಿಸಿದರು. “ತಡಿಯಪ್ಪ. ರಾಜ ನೀರಡಿಸ್ಕೊಂಡು ಬಾಗಿಲಲ್ಲಿ ನಿಂತವ್ನೆ. ಅವನ್ನ ಹಂಗೇ ಬುಟ್ಟು ಏಳಕಾಯ್ತದಾ? ಅಯ್ನೋರೇ, ಮುಂದಕ್ ಹೇಳಿ.”

ಮಧುಕುಮಾರ್ ಅಂಬುಜಮ್ಮನ ಮುಖ ನೋಡಿದ. ಅಂಬುಜಮ್ಮ ಚಪ್ಪಲಿ ಬಿಟ್ಟು ಲಿಂಗಮ್ಮನ ಪಕ್ಕದಲ್ಲಿ ಕೂತರು.