ಹದಿನೇಳನೇ ಪ್ರಶ್ನೆ

ಹೆಸರು ಬರೆಯಬೇಡಿ ಎಂದು ಫಾರಂನ ಮೇಲ್ಭಾಗದಲ್ಲೇ ಅಚ್ಚಾಗಿತ್ತು. ರಚನಾ ಹೆಸರು ಬರೆದಿರಲೂ ಇಲ್ಲ. ಆದರೆ ಹದಿನೇಳನೇ ಪ್ರಶ್ನೆಯ ಮುಂದೆ ಮೊದಲು ಹಾಕಿದ್ದ ಎರಡನ್ನು ಹೊಡೆದುಹಾಕಿ ಐದು ಮಾಡಿ, ಪಕ್ಕದಲ್ಲಿ ಪುಟ್ಟದಾಗಿ ಸಹಿ ಹಾಕಿ, ವೇಳೆಯನ್ನೂ ಬರೆದುಬಿಟ್ಟಿದ್ದಳು. ಅರಿವಳಿಕೆಯ ಚಾರ್ಟಿನಲ್ಲಿ ಅಂಕಿ ತಿದ್ದಿದರೆ ಹಾಗೆ ಮಾಡಬೇಕು. ಹದಿನಾಲ್ಕು ವರ್ಷದ ರೂಢಿ. ಕೈ ತಾನಾಗಿ ಮಾಡಿತ್ತು.

"ಇದು ನಿಮ್ಮದು ತಾನೇ ಮೇಡಮ್?"

ಸಂಹಿತಾ ಫಾರಂ ಹಿಡಿದು ಮೂರನೇ ಥಿಯೇಟರಿಗೇ ಬಂದಿದ್ದಳು. ಚೆನ್ನೈನ ಕೀಲ್ಪಾಕಿನ ಆ ಖಾಸಗಿ ಆಸ್ಪತ್ರೆಯಲ್ಲಿ ಪಿ.ಜಿ. ಓದುವ ಹುಡುಗಿ. ಅರಿವಳಿಕೆ ವೈದ್ಯರಿಗೆ ಕೆಲಸದ ಒತ್ತಡ ಎಲ್ಲಿಂದೆಲ್ಲ ಬರುತ್ತದೆಂದು ಅಳೆಯುವುದು ಅವಳ ಪ್ರಬಂಧದ ವಿಷಯ. ಅವಳ ಗೈಡು ವಿಭಾಗದ ಮುಖ್ಯಸ್ಥ ಮಧ್ವರಾಜರೇ.

ಹದಿನೇಳನೇ ಪ್ರಶ್ನೆ: ಏಕಕಾಲಕ್ಕೆ ಎರಡು ಥಿಯೇಟರುಗಳ ಹೊಣೆ. ಒಂದೆಂದರೆ ಒತ್ತಡವೇ ಇಲ್ಲ, ಐದೆಂದರೆ ವಿಪರೀತ. ಅದರ ಕೆಳಗಿನ ಖಾಲಿ ಗೆರೆಯಲ್ಲಿ ರಚನಾ ಬರೆದಿದ್ದಳು: ಮುಖ್ಯಸ್ಥರು ಕರೆದಾಗ ರೋಗಿಯನ್ನು ಬಿಟ್ಟು ಹೋಗಿದ್ದೇನೆ. ಎರಡು ಸಲ.

"ಸರ್ ಇವತ್ತು ಎಲ್ಲಾ ಫಾರಂ ಕೇಳಿದಾರೆ. ಹೊಸದು ತಂದಿದೀನಿ. ಮೂರು ಹಾಕಿ, ಪೋದುಂ, ಅಷ್ಟು ಸಾಕು. ಈ ಶನಿವಾರ ನಿಮ್ಮ ಕಾಂಟ್ರಾಕ್ಟ್ ಬೇರೆ ಅವರೇ ಸೈನ್ ಮಾಡಬೇಕು ಅಲ್ವಾ?"

ಅದು ರಚನಾಗೆ ನೆನಪಿಸಬೇಕಾದ ಮಾತಾಗಿರಲಿಲ್ಲ. ಗಂಡನ ಎಣ್ಣೂರಿನ ಕೆಲಸ ಹೋಗಿ ಐದು ತಿಂಗಳು. ಮಗ ಲಿಖಿತ್ ಈಗ ಒಂಬತ್ತನೇ ಕ್ಲಾಸು.

"ಯಾರಮ್ಮಾ ಅದು, ಕನ್ನಡದಲ್ಲಿ ಗುಸುಗುಸು?" ಮೇಜಿನ ಮೇಲಿದ್ದ ಅಂಬುಜಮ್ಮ ಕೇಳಿದರು. ಎಪ್ಪತ್ತೊಂದು ವರ್ಷ, ಸೊಂಟದ ಮೂಳೆ ಮುರಿದು ಹೊಸ ಕೀಲು ಕೂರಿಸುತ್ತಿದ್ದರು. ಬೆನ್ನಿಗೆ ಸೂಜಿ ಕೊಟ್ಟು ಕೆಳಗಿನ ಅರ್ಧ ದೇಹವನ್ನಷ್ಟೇ ಮರಗಟ್ಟಿಸಿದ್ದರಿಂದ ಬಾಯಿ ಚೆನ್ನಾಗಿ ನಡೆಯುತ್ತಿತ್ತು. "ನನ್ನ ಕಾಲು ಇದ್ಯೋ, ಡಾಕ್ಟರು ಕೊಂಡುಹೋದ್ರೋ?"

"ಇದೆ ಅಮ್ಮಾ. ಜೋಪಾನವಾಗಿದೆ."

ಪರದೆಯಾಚೆಯಿಂದ ಸರ್ಜನ್ ಗಿರಿಧರ್ ದನಿ ಎತ್ತಿದರು. "ಸಿಮೆಂಟ್ ಕಲಸ್ತಿದಾರೆ. ಎರಡು ನಿಮಿಷ."

ಮೂಳೆಯೊಳಗೆ ಸಿಮೆಂಟು ತುಂಬುವ ಹೊತ್ತಿನಲ್ಲಿ ವಯಸ್ಸಾದವರ ರಕ್ತದೊತ್ತಡ ದಢಕ್ಕನೆ ಕುಸಿಯಬಹುದು. ರಚನಾ ಔಷಧಿಯ ಸಿರಿಂಜನ್ನು ಕೈಗೆ ತೆಗೆದುಕೊಂಡಳು. ಆಗಲೇ ಗೋಡೆಯ ಫೋನು ಹೊಡೆದುಕೊಂಡಿತು. ಸಂಹಿತಾ ಎತ್ತಿ ಸ್ಪೀಕರಿಗೆ ಹಾಕಿದಳು. ಮಧ್ವರಾಜರ ದನಿ.

"ರಚನಾ, ನಾಲ್ಕನೇ ಥಿಯೇಟರಿಗೆ ಸೀಕ್ರಂ ಬಾಮ್ಮಾ. ಉಸಿರಿನ ಟ್ಯೂಬ್ ಹಾಕಿ ಹೋಗಿಬಿಡು, ಐದು ನಿಮಿಷ. ಅಲ್ಲಿ ಸಂಹಿತಾ ನೋಡ್ಕೋತಾಳೆ."

ಸಂಹಿತಾಳ ಕಣ್ಣುಗಳು ಅಗಲವಾದವು. ಅವಳು ಸೇರಿ ಏಳು ತಿಂಗಳಾಗಿತ್ತು ಅಷ್ಟೆ.

"ಇಲ್ಲಿ ಸಿಮೆಂಟ್ ಹೋಗ್ತಿದೆ ಸರ್. ಬರಕ್ಕಾಗಲ್ಲ."

"ಏನಂದೆ?"

"ಬರಕ್ಕಾಗಲ್ಲ ಅಂದೆ ಸರ್."

ಫೋನು ಕಟ್ಟಾಯಿತು. ಗಿರಿಧರ್ ಸಿಮೆಂಟು ಒತ್ತಿದರು. ನೂರಿಪ್ಪತ್ತಿದ್ದ ಒತ್ತಡ ತೊಂಬತ್ತಕ್ಕೆ ಬಂತು, ಮುಂದಿನ ಸಲ ಅರವತ್ತೆರಡು. ಅಂಬುಜಮ್ಮ ಸೊಸೆಯ ಸಾಂಬಾರಿನ ವಿಷಯ ಹೇಳುತ್ತಿದ್ದವರು ಅರ್ಧಕ್ಕೆ ನಿಂತುಬಿಟ್ಟರು.

"ಅಮ್ಮಾ? ಅಂಬುಜಮ್ಮಾ? ಕಣ್ಣು ಬಿಡಿ." ರಚನಾ ಔಷಧಿ ಹಾಕಿದಳು, ಆಮ್ಲಜನಕ ಏರಿಸಿದಳು. "ಸಂಹಿತಾ, ಡ್ರಿಪ್ ಪೂರ್ತಿ ಬಿಡು. ಗಿರಿಧರ್, ಕೈ ನಿಲ್ಲಿಸಿ."

ಮಾನಿಟರ್ ಮತ್ತೆ ಅಳೆಯಿತು. ಐವತ್ತೆಂಟು. ಎರಡನೇ ಸಿರಿಂಜು. ಅರವತ್ತು. ಎಪ್ಪತ್ತನಾಲ್ಕು. ರಚನಾಳ ಬೆರಳು ಮುದುಕಿಯ ಕೊರಳ ನಾಡಿಯ ಮೇಲೇ ಇತ್ತು. ತೊಂಬತ್ತಾರು ಬಂದಾಗ ಅಂಬುಜಮ್ಮ ತುಟಿ ಅಲ್ಲಾಡಿಸಿದರು. "ತಲೆ ಸುತ್ತತ್ತೆ ಕಣಮ್ಮಾ."

"ಸುತ್ತಲಿ. ಮಾತಾಡ್ತಾ ಇರಿ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಧ್ವರಾಜರೇ ಬಂದರು. ಮಾನಿಟರನ್ನೊಮ್ಮೆ ನೋಡಿದರು, ಖಾಲಿ ಸಿರಿಂಜುಗಳನ್ನು ನೋಡಿದರು. ಆಮೇಲೆ ಸಂಹಿತಾಳ ಕೈಯಲ್ಲಿದ್ದ ಎರಡು ಹಾಳೆಗಳತ್ತ ಕೈ ಚಾಚಿದರು. "ಇನ್ನೊಂದು ಫಾರಂ ಬಾಕಿ ಅಂದಿದ್ದೆಯಲ್ಲ. ಕೊಡು."

ಸಂಹಿತಾ ರಚನಾಳ ಮುಖ ನೋಡಿದಳು. ಖಾಲಿ ಹಾಳೆ ಮೇಲಿತ್ತು, ಬರೆದದ್ದು ಕೆಳಗೆ.

"ಕೆಳಗಿಂದು ನಂದು. ಅದನ್ನೇ ಕೊಡು," ಎಂದಳು ರಚನಾ.

ಮಧ್ವರಾಜರು ನಿಂತಲ್ಲೇ ಓದಿದರು. ಹದಿನೇಳರ ಹತ್ತಿರ ಬೆರಳು ನಿಂತಿತು.

"ಯಾವ ಎರಡು ಸಲ?"

"ಫೆಬ್ರವರಿ ಒಂಬತ್ತು. ಆಮೇಲೆ ಹೋದ ಗುರುವಾರ. ಎರಡು ಸಲಾನೂ ಕರೆದಿದ್ದು ನೀವೇ ಸರ್. ಹೋಗಿದ್ದು ನಾನು."

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ನಾಲ್ಕನೇ ಥಿಯೇಟರ್ ನಾನೇ ನೋಡ್ತೀನಿ. ಹನ್ನೆರಡಕ್ಕೆ ನನ್ನ ರೂಮಿಗೆ ಬಾ."

"ಬರ್ತೀನಿ ಸರ್," ಎಂದಳು ರಚನಾ, ಮಾನಿಟರಿನಿಂದ ಕಣ್ಣು ಕೀಳದೆ. "ಇವರನ್ನ ವಾರ್ಡಿಗೆ ಕಳಿಸಿ ಬರ್ತೀನಿ. ಹನ್ನೆರಡು ದಾಟಬಹುದು."